ಗಿಡದಿಂದ ಬೀಳದ ಹಣ್ಣು

ಆ ಹಣ್ಣನ್ನು ಗಿಡದ ಕೆಳಗೆ ಇಟ್ಟವಳು ನಾನು. ಶರಣಮ್ಮ ಅಲ್ಲ. ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ. ಆಮೇಲೆ ಹೇಳೋಣ ಎಂದುಕೊಂಡರೆ ಕೈ ಮತ್ತೆ ಹಿಂದೆ ಸರಿಯುತ್ತದೆ — ನನ್ನ ಕೈಯ ಗುಣ ನನಗೆ ಗೊತ್ತು.

ಇದನ್ನು ಬರೆಯುವಾಗ ನನ್ನ ಮೊಮ್ಮಗಳು ಪಕ್ಕದ ತೊಟ್ಟಿಲಲ್ಲಿ ಮಲಗಿದ್ದಾಳೆ. ಮಗಳು ಮಹಾದೇವಿಗೆ ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಹುಟ್ಟಿದ ಕೂಸು. ಹುಮನಾಬಾದಿನ ಆಸ್ಪತ್ರೆಯಲ್ಲಿ ಬಟ್ಟೆ ಸುತ್ತಿ ಕೈಗೆ ಕೊಟ್ಟಾಗ ನಾನು ಅತ್ತೆನೋ ನಕ್ಕೆನೋ ನನಗೇ ತಿಳಿಯಲಿಲ್ಲ. ಊರಿಗೆ ಬಂದ ಮೇಲೆ ಎದುರಿಗೆ ಸಿಕ್ಕವರಿಗೆಲ್ಲ ಪೇಢೆ ಕೊಟ್ಟೆ. ಹಾಲಿನವನಿಗೆ ಎರಡು ಸಲ ಕೊಟ್ಟೆನಂತೆ. ಕೂಸಿನ ಮೂಗು ಥೇಟ್ ನನ್ನದೇ ಎಂದು ಬಂದವರ ಬಾಯಿಂದೆಲ್ಲ ಹೇಳಿಸಿಕೊಂಡೆ. ಇಷ್ಟೊಂದು ಸಂತೋಷ ಎದೆಯಲ್ಲಿ ತುಂಬಿದಾಗ, ಅಲ್ಲಿ ಮೊದಲಿನಿಂದ ಅಡಗಿ ಕೂತಿದ್ದದ್ದಕ್ಕೆ ಜಾಗ ಸಾಲದೆ ಹೋಯಿತೋ ಏನೋ.

ನಮ್ಮ ಹೊಲಕ್ಕೂ ಪಕ್ಕದ ಮನೆಯ ಕಾಶಮ್ಮಕ್ಕನ ಹೊಲಕ್ಕೂ ನಡುವಿನ ಬದುವಿನ ಮೇಲೆ ಒಂದು ಮಾವಿನ ಗಿಡವಿದೆ. ಎರಡು ಮನೆಗೂ ಅರ್ಧರ್ಧ. ಕಾಯಿ ಹೆಗಲು ತುಂಬಿಕೊಂಡಿತು, ತೊಟ್ಟಿನ ಸುತ್ತ ಕುಳಿ ಬಿತ್ತು, ಮೈಮೇಲೆ ಬೂದಿ ಸವರಿದ ಹಾಗಾಯಿತು ಎಂದೆಲ್ಲ ನೋಡುತ್ತೇವೆ. ಆದರೂ ಕೀಳುವುದಿಲ್ಲ. ಒಂದು ಹಣ್ಣು ಕೊಂಬೆಯಲ್ಲೇ ಮಾಗಿ ತಾನಾಗಿ ಕೆಳಗೆ ಬೀಳಬೇಕು. ಅದಕ್ಕೆ ಪಾಡ ಎನ್ನುತ್ತೇವೆ. ಪಾಡ ಬಿತ್ತೆಂದರೆ ಉಳಿದ ಕಾಯಿಗಳೂ ಒಳಗೆ ಬಲಿತಿವೆ, ಹುಲ್ಲಿನಲ್ಲಿಟ್ಟರೆ ಹಣ್ಣಾಗುತ್ತವೆ ಎಂದು ಅರ್ಥ. ಗಾಳಿಗೆ ಉದುರಿದ್ದು, ಗಿಣಿ ಕಚ್ಚಿದ್ದು ಪಾಡ ಅಲ್ಲ. ಅದನ್ನು ತೀರ್ಮಾನಿಸುವವಳು ಕಾಶಮ್ಮಕ್ಕ. ತೊಟ್ಟು ಮೂಸಿ ನೋಡಿ, ಬದುವಿನ ಮೇಲೆ ನಿಂತು, "ಪಾಡ ಬಿದ್ದದ, ಬರ್ರಿ" ಎಂದು ಅವಳು ಕೂಗಿದರೆ ಎರಡೂ ಮನೆಯವರು ಬುಟ್ಟಿ ಹಿಡಿದು ಓಡುತ್ತಿದ್ದೆವು.

ಮಹಾದೇವಿಯ ಮದುವೆಯಾದ ಮೊದಲ ಬೇಸಿಗೆ. ತವರಿಗೆ ಬಂದಿದ್ದವಳು ಗಂಡನ ಮನೆಗೆ ಮರಳುವ ದಿನ ಹತ್ತಿರವಾಗಿತ್ತು. ಮದುವೆಯಲ್ಲಿ ಅವಳ ಅತ್ತೆ ನಾಲ್ಕು ಜನರ ನಡುವೆ ನನಗೆ ಅಂದಿದ್ದಳು, "ನಿಮ್ಮ ಹೊಲದಾಗ ಕಲ್ಲ ಬಿಟ್ರ ಮತ್ತೇನರ ಬೆಳೀತದೇನ್ರಿ?" ಒಂದು ಬುಟ್ಟಿ ತುಂಬ ನಮ್ಮ ಗಿಡದ ಮಾವು ಕಳಿಸಿ ಅವಳ ಬಾಯಿ ಮುಚ್ಚಿಸಬೇಕೆಂದು ನನಗೆ ಹಟ. ಪಾಡ ಮಾತ್ರ ಬೀಳಲೊಲ್ಲದು. ಕಾಶಮ್ಮಕ್ಕನನ್ನು ಕೇಳಿದರೆ ನಕ್ಕಳು.

"ನಿನ್ನ ಬೀಗತಿಗಿ ನೀ ಅಂಜಬೇಕು ತಂಗಿ, ಗಿಡ ಯಾಕ ಅಂಜತದ? ತಡಿ."

ನಾನು ತಡೆಯಲಿಲ್ಲ. ಮಂಠಾಳದ ಸಂತೆಯಿಂದ ಮಾಗಿದ ಹಣ್ಣೊಂದನ್ನು ತಂದೆ. ಆಕಾರದಲ್ಲಿ ನಮ್ಮದರಂತೆಯೇ ಇತ್ತು — ಹುಡುಕಿಯೇ ತಂದಿದ್ದೆ. ನಸುಕಿನಲ್ಲಿ ಹೋಗಿ ಗಿಡದ ಕೆಳಗೆ ಒಣಗಿದ ಎಲೆಗಳ ಮೇಲೆ ಇಟ್ಟೆ. ಮೇಲಿಂದ ಬಿದ್ದದ್ದೆಂದು ಕಾಣಲಿ ಎಂದು ಅದರ ಒಂದು ಬದಿಯನ್ನು ಕಲ್ಲಿಗೆ ಮೆಲ್ಲಗೆ ಒತ್ತಿದೆ. ಹಾಗೆ ಒತ್ತಿದ್ದನ್ನು ನನ್ನ ಬೆರಳು ಇವತ್ತಿಗೂ ಮರೆತಿಲ್ಲ.

ಕಾಶಮ್ಮಕ್ಕ ಅದನ್ನು ಎತ್ತಿ ಮೂಸಿದಳು. ಮತ್ತೊಮ್ಮೆ ಮೂಸಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. "ಪಾಡನ ಅದ ಅಕ್ಕಾ," ಎಂದೆ. ಅವಳು ನನ್ನ ಮುಖ ನೋಡಿದಳು, ನಂಬಿದಳು, ಕೂಗಿದಳು.

ಮಧ್ಯಾಹ್ನದೊಳಗೆ ಗಿಡ ಬರಿದಾಯಿತು. ಸಂಜೆ ಆ ಹಣ್ಣನ್ನು ದೇವರ ಮುಂದಿಟ್ಟು, ಕೊಯ್ದು ಎಲ್ಲರಿಗೂ ಹಂಚಿದರು. ಕಾಶಮ್ಮಕ್ಕ ಒಂದು ಹೋಳು ಬಾಯಿಗೆ ಹಾಕಿಕೊಂಡವಳು ಹಲ್ಲಿನ ಸಂದಿಯಿಂದ ಉದ್ದನೆಯ ನಾರೊಂದನ್ನು ಎಳೆದಳು. ನಮ್ಮ ಗಿಡದ ಹಣ್ಣಿನಲ್ಲಿ ನಾರೇ ಇಲ್ಲ.

"ಇದು ನಮ್ಮ ಗಿಡದ್ದಲ್ಲ," ಎಂದಳು.

ಅವಳ ಹೊಸ ಸೊಸೆ ಶರಣಮ್ಮ ಹಿಂದಿನ ದಿನವಷ್ಟೇ ನಾರಾಯಣಪುರದ ತವರಿನಿಂದ ಬಂದಿದ್ದಳು, ಗಂಟಿನಲ್ಲಿ ಮಾಗಿದ ಹಣ್ಣು ಕಟ್ಟಿಕೊಂಡು. ಎಲ್ಲರ ಕಣ್ಣು ಅವಳ ಮೇಲೆ ಹೋಯಿತು.

"ತವರಿಗಿ ಬುಟ್ಟಿ ಕಳಸಾಕ ಅಷ್ಟ ಅವಸರ ಇತ್ತೇನ ನಿನಗ?"

"ನಾ ಅಲ್ರಿ ಅತ್ತಿ. ನಮ್ಮವ್ವನ ಆಣಿ ಮಾಡಿ ಹೇಳ್ತೀನಿ."

ಆಗ ಆ ಹುಡುಗಿ ನನ್ನ ಕಡೆ ತಿರುಗಿದಳು. "ಚಿಗವ್ವ, ನೀವರ ನಂಬತೀರಿಲ್ರಿ?"

"ನಂಬತೀನಿ ಬಿಡವ್ವ," ಎಂದೆ.

ಅದು ಸುಳ್ಳೂ ಅಲ್ಲ. ಅವಳು ಇಟ್ಟಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು —

ಹುಲ್ಲು ಸರಿಸಿದಾಗ ಕಾಯಿಗಳು ಹಣ್ಣಾಗದೆ ಮುದುಡಿ, ಚರ್ಮದಂತೆ ಸುಕ್ಕಾಗಿ ಬಿದ್ದಿದ್ದವು. ಕೊಯ್ದರೆ ಒಳಗೆ ಬೆಳ್ಳಗೆ, ಹುಳಿ. ಹುಮನಾಬಾದಿಗೆ, ಮಗಳ ಗಂಡನ ಮನೆಗೆ ಹೋದ ಬುಟ್ಟಿಯನ್ನು ಬೀಗತಿ ಎಮ್ಮೆಗೆ ಸುರಿದಳಂತೆ. ಮಗಳು ಫೋನಿನಲ್ಲಿ ಹೇಳುವಾಗ ಅತ್ತಳು. ಹಣ್ಣು ಚೆನ್ನಾಗಿದ್ದಿದ್ದರೆ ನಾನು ಮಾಡಿದ್ದು ಸರಿಯಾಗುತ್ತಿತ್ತು ಎಂದಲ್ಲ. ಸುಮ್ಮನೆ ಹೇಳುತ್ತಿದ್ದೇನೆ.

ಅಂದಿನಿಂದ ಮಾವಿನ ಕಾಲದಲ್ಲಿ ಶರಣಮ್ಮ ಬದುವಿನ ಕಡೆ ಕಾಲಿಡುವಂತಿರಲಿಲ್ಲ. ಹಣ್ಣಿಗೆ ಹಾಕಿದ ಹುಲ್ಲು ಮುಟ್ಟುವಂತಿರಲಿಲ್ಲ. ನಳದ ಹತ್ತಿರ ಹೆಂಗಸರು, "ದಾರಿ ಬಿಡ್ರೇ, ಪಾಡ ಇಡಾಕಿ ಬಂದ್ಲು" ಎಂದು ನಗುತ್ತಿದ್ದರು. ಅವಳು ಕೊಡ ತುಂಬಿಸಿಕೊಂಡು ನೇರ ನನ್ನ ಅಡುಗೆಮನೆಗೆ ಬಂದು ಕೂತು ಅಳುತ್ತಿದ್ದಳು. ನಾನು ಚಹಾ ಮಾಡಿ ಕೊಡುತ್ತಿದ್ದೆ. ಸೆರಗಿನಿಂದ ಕಣ್ಣು ಒರೆಸುತ್ತಿದ್ದೆ. "ಈ ಊರಾಗ ನನ್ನ ನಂಬಿದಾಕಿ ನೀವೊಬ್ರೇ ನೋಡ್ರಿ ಚಿಗವ್ವ" ಎನ್ನುವಳು. ಪ್ರತಿ ಬೇಸಿಗೆ ಎನ್ನುವಳು. ನಾನು ಅವಳ ಬೆನ್ನು ಸವರುತ್ತಿದ್ದೆ. ಹಣ್ಣು ಇಟ್ಟದ್ದು ಒಂದು ಬೆಳಗಿನ ಕೆಲಸ. ಈ ಬೆನ್ನು ಸವರಿದ್ದು — ಇದಕ್ಕೆ ಏನೆನ್ನಬೇಕು? ಕೊಲ್ಲುವವರೂ ಇಷ್ಟು ಮೆತ್ತಗೆ ಮುಟ್ಟುವುದಿಲ್ಲ.

ಮೊನ್ನೆ ಕಾಶಮ್ಮಕ್ಕ ಕೂಸನ್ನು ನೋಡಲು ಬಂದಳು. ಅವಳ ಕಣ್ಣು ಈಗ ಮಂಜಾಗಿದೆ. ಶರಣಮ್ಮನೇ ಕೈ ಹಿಡಿದು ಕರೆತಂದು, ತಾನು ಹೊಸ್ತಿಲ ಹತ್ತಿರ ನಿಂತಳು. ಕಾಶಮ್ಮಕ್ಕ ಉಡಿಯಿಂದ ಒಂದು ಹಣ್ಣು ತೆಗೆದಳು. ಮನೆಯೆಲ್ಲ ಘಮ್ಮೆಂದಿತು.

"ಈ ವರ್ಷದ ಪಾಡ, ತಂಗಿ. ಇನ್ನಾ ಕೂಗಿಲ್ಲ, ಮೊದಲ ನಿನ್ನ ಮೊಮ್ಮಗಳಿಗಿ ತಂದೀನಿ. ತೊಟ್ಟಲದಾಗ ಇಡು. ಇಕಿ ಮುಟ್ಟಿಲ್ಲ, ಚಲೋ ಅದ."

ಶರಣಮ್ಮ ಏನೂ ಕೇಳಿಸದವಳಂತೆ ಕೂಸಿನ ಕಡೆ ನೋಡಿ ನಕ್ಕಳು. ಮಹಾದೇವಿಯ ಹೆರಿಗೆಗೆ ನನ್ನ ಜೊತೆ ಆಸ್ಪತ್ರೆಗೆ ಬಂದು ರಾತ್ರಿಯೆಲ್ಲ ಅವಳ ಕಾಲೊತ್ತುತ್ತ ಕೂತಿದ್ದವಳು ಇವಳೇ. ಆ ನಗು ನನ್ನಿಂದ ನೋಡಲಾಗಲಿಲ್ಲ.

"ಅಕ್ಕಾ, ಆ ವರ್ಷ ಹಣ್ಣ ಇಟ್ಟಾಕಿ ನಾ."

ಕಾಶಮ್ಮಕ್ಕ ಕೈಯನ್ನು ಹಿಂದಕ್ಕೆ ಚಾಚಿ ಗಾಳಿಯಲ್ಲಿ ತಡಕಾಡಿದಳು, ಸೊಸೆಯ ಕೈಗಾಗಿ. ಶರಣಮ್ಮ ಕೂಡಲೇ ಕೈ ಕೊಡಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು.

"ಚಾ ಮಾಡಿ ಕುಡಿಸಿದ್ರಲ್ರಿ," ಎಂದಳು. "ಅಷ್ಟ ವರ್ಷ."

ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕಾಶಮ್ಮಕ್ಕ ಹಣ್ಣನ್ನು ಅವಳ ಕೈಗೆ ಒತ್ತಿ, "ನೀ ಇಡು" ಎಂದಳು. ಶರಣಮ್ಮ ಒಳಗೆ ಬಂದು, ತೊಟ್ಟನ್ನು ಒಮ್ಮೆ ಮೂಸಿ, ಹಣ್ಣನ್ನು ಕೂಸಿನ ಕಾಲ ಹತ್ತಿರ ಇಟ್ಟು, ಆ ಪುಟ್ಟ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದಳು. ನನ್ನ ಕಡೆ ತಿರುಗಲಿಲ್ಲ.

ಮರುದಿನ ಬೆಳಿಗ್ಗೆ ಬದುವಿನಿಂದ ಕೂಗು ಕೇಳಿಸಿತು. "ಪಾಡ ಬಿದ್ದದ, ಬರ್ರಿ." ಅದು ಶರಣಮ್ಮನ ದನಿ. ನಾನು ಬುಟ್ಟಿ ಹಿಡಿದು ಅಂಗಳದವರೆಗೆ ಹೋದೆ. ಮುಂದೆ ಹೋಗಲಾಗಲಿಲ್ಲ. ಸಂಜೆ ನಮ್ಮ ಅರ್ಧ ತಾನಾಗಿ ಮನೆಗೆ ಬಂತು, ಒಂದು ಕಾಯಿಗೂ ಪೆಟ್ಟಾಗಿರಲಿಲ್ಲ. ಹೊಸ್ತಿಲಾಚೆ ಬುಟ್ಟಿ ಇಳಿಸಿ ಅವಳು ಹೇಳಿದಳು:

"ಬಾಜೂ ಮನಿಯವ್ರೇ, ನಿಮ್ಮ ಪಾಲ ಇಟ್ಟೀನಿ ನೋಡ್ರಿ."

ಚಿಗವ್ವ ಎನ್ನಲಿಲ್ಲ. ಇನ್ನು ಎನ್ನಲಿಕ್ಕಿಲ್ಲ.

ನಾಳೆ ನೀರು ಬಿಡುವ ಹೊತ್ತಿಗೆ ನಳದ ಹತ್ತಿರ ಹೋಗುತ್ತೇನೆ. ಅವಳನ್ನು ನೋಡಿ ನಕ್ಕವರೆಲ್ಲ ಅಲ್ಲಿರುತ್ತಾರೆ. ಅವರೆದುರಿಗೂ ಹೇಳುತ್ತೇನೆ. ಈಗೀಗ ನಾನು ಎಲ್ಲಿ ಹೋದರೂ ಕೂಸನ್ನು ಎತ್ತಿಕೊಂಡೇ ಹೋಗುತ್ತೇನೆ, ಬಿಟ್ಟಿರಲು ಮನಸ್ಸಾಗುವುದಿಲ್ಲ. ನಾಳೆ ಮಾತ್ರ ಎತ್ತಿಕೊಳ್ಳುವುದಿಲ್ಲ. ಕಂಕುಳಲ್ಲಿ ಕೂಸಿದ್ದರೆ ಜನ ಬೇಗ ಕ್ಷಮಿಸಿಬಿಡುತ್ತಾರೆ.