ಒಂದೇ ಔಷಧಿ, ಎರಡು ಮೈ

ಅಪ್ಪನಿಗೂ ಅವನ ಗೆಳೆಯನಿಗೂ ಶ್ವಾಸಕೋಶದ ಕ್ಯಾನ್ಸರ್ ಬಂದದ್ದು ಒಂದೇ ವರ್ಷ. ಇಬ್ಬರೂ ಕೊಟ್ಟೂರಿನ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಜೊತೆಗೇ ದುಡಿದವರು, ಒಂದೇ ಕಡ್ಡಿಯಲ್ಲಿ ಎರಡು ಬೀಡಿ ಹಚ್ಚಿದವರು. ದಾವಣಗೆರೆಯ ಡಾಕ್ಟರು ಇಬ್ಬರಿಗೂ ಒಂದೇ ಔಷಧಿ ಬರೆದರು. ಮೂರು ವಾರಕ್ಕೊಮ್ಮೆ ಒಂದೇ ಬಸ್ಸಿನಲ್ಲಿ ಹೋಗಿ ಅದನ್ನು ಡ್ರಿಪ್ಪಿನಲ್ಲಿ ಏರಿಸಿಕೊಂಡು ಬರುತ್ತಿದ್ದರು. ಜೊತೆಗೆ ನಾನೂ ಹೋಗುತ್ತಿದ್ದೆ.

ವಾಪಸ್ ಬರುವಾಗ ಗೆಳೆಯ ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಮಿರ್ಚಿ ಮಂಡಕ್ಕಿ ತಿನ್ನುತ್ತಿದ್ದ. ನಮ್ಮಪ್ಪ ಮನೆ ಮುಟ್ಟಿದವನು ಎಂಟು ದಿನ ಹಾಸಿಗೆ ಬಿಡುತ್ತಿರಲಿಲ್ಲ. ಬಾಯಿ ತುಂಬ ಹುಣ್ಣು, ನಿಲ್ಲದ ಭೇದಿ.

“ನನ್ನ ಕೈ ಅಡಿಗಿ ಅವರಿಗೆ ಒಗ್ಗವಲ್ದು” ಎಂದು ಅವ್ವ ಗೆಳೆಯನ ಮನೆಯಿಂದ ನವಣೆ ಅನ್ನ ತರಿಸತೊಡಗಿದಳು. ನಾನು ಶಾಲೆಯಲ್ಲಿ ಟೀಚರು. ತಪ್ಪು ಹುಡುಕುವುದೇ ನನ್ನ ಕಸುಬು. ಅದನ್ನು ಅಪ್ಪನಲ್ಲೇ ಹುಡುಕಿದೆ.

“ಅವರನ್ನ ನೋಡು, ಹೆಂಗ ಗಟ್ಟಿ ಅದಾರ. ನಿನಗ ಧೈರ್ಯ ಇಲ್ಲಪ್ಪಾ, ಅಷ್ಟ.”

ಅಪ್ಪ ಗೋಡೆಯ ಕಡೆ ಹೊರಳಿದ. ಮೂರನೆಯ ಸಲದ ಹೊತ್ತಿಗೆ, ಇನ್ನು ದಾವಣಗೆರೆಗೆ ಬರುವುದಿಲ್ಲ ಎಂದು ಹಟ ಹಿಡಿದ. ಬೈದು ಎಬ್ಬಿಸಿಕೊಂಡು ಹೋದೆ.

ಡಾಕ್ಟರು “ಹೇಗಿದ್ದೀರಿ?” ಅಂದರು. “ಆರಾಮ ಅದೀನ್ರಿ” ಎಂದ ಅಪ್ಪ. ನಮ್ಮ ಕಡೆ ಯಾರು ಕೇಳಿದರೂ ಇದೇ ಉತ್ತರ, ಪ್ರಾಣ ಹೋಗುತ್ತಿದ್ದರೂ. ಹಿಂದಿನ ಸಲವೂ ಅಷ್ಟೇ ಹೇಳಿದ್ದ. ಭೇದಿಯ ಮಾತನ್ನು ಮಗಳ ಎದುರಿಗೆ ಹೇಗೆ ಆಡುವುದು? ನಾನೂ ತಲೆಯಾಡಿಸಿ ಕೂತಿದ್ದೆ.

ರಕ್ತದ ರಿಪೋರ್ಟ್ ನೋಡಿದ ಡಾಕ್ಟರು ಕೆದಕಿ ಕೆದಕಿ ಕೇಳಿದರು. ಎಲ್ಲ ಹೊರಬಿತ್ತು. ಅಪ್ಪನನ್ನು ಹೊರಗೆ ಕೂರಿಸಿ ನನ್ನನ್ನು ತರಾಟೆಗೆ ತೆಗೆದುಕೊಂಡರು.

“ಔಷಧಿ ಒಂದೇ ಇರಬಹುದಮ್ಮ. ಅದನ್ನ ಕರಗಿಸಿ ಹೊರಗೆ ಹಾಕೋ ಶಕ್ತಿ ಹುಟ್ಟಿನಿಂದ್ಲೇ ಒಬ್ಬೊಬ್ಬರಿಗೆ ಒಂದೊಂದು ಥರ. ಕೆಲವರ ಮೈಯಲ್ಲಿ ಅದು ವಿಷದ ಹಾಗೆ ನಿಂತುಬಿಡುತ್ತೆ. ಇವರದ್ದೂ ಹಾಗೇ ಇರಬೇಕು. ಅದನ್ನ ಪರೀಕ್ಷೆ ಮಾಡೋ ಸೌಲಭ್ಯ ಇಲ್ಲಿಲ್ಲ. ಪ್ರಮಾಣ ಇಳಿಸೋಣ. ಇನ್ನೊಂದು ಸಲ ಹೀಗೇ ಕೊಟ್ಟಿದ್ದರೆ ಉಳೀತಿರಲಿಲ್ಲ.”

ಗಟ್ಟಿಮುಟ್ಟಾಗಿದ್ದ ಗೆಳೆಯನ ಗಡ್ಡೆ ಒಂದಿಷ್ಟೂ ಕರಗಿಲ್ಲ ಎಂಬುದೂ ಆ ವಾರವೇ ತಿಳಿಯಿತು. ಮಿರ್ಚಿ ತಿನ್ನುವ ಧೈರ್ಯಕ್ಕೂ ಗುಣವಾಗುವುದಕ್ಕೂ ಸಂಬಂಧವೇ ಇರಲಿಲ್ಲ.

ಹೊರಗೆ ಬೆಂಚಿನ ಮೇಲೆ ಅಪ್ಪನ ಪಕ್ಕ ಕೂತು ಡಾಕ್ಟರು ಹೇಳಿದ್ದನ್ನು ಹೇಳಿದೆ. ಅವನು ನನ್ನ ಕಡೆ ಹೊರಳಿದ.

“ಹಂಗಾರ ಇದು ನನ್ನ ತಪ್ಪಲ್ಲೇನವ್ವಾ?”

“ಅಲ್ಲಪ್ಪಾ” ಎಂದೆ. ತಪ್ಪು ನಂದು ಎನ್ನುವುದು ಬಾಯಿಗೆ ಬರಲಿಲ್ಲ. ಆಮೇಲೆ ಅಪ್ಪ ಹದಿನಾಲ್ಕು ತಿಂಗಳು ಬದುಕಿದ. ಅದೊಂದು ಮಾತು ಹೇಳಲು ಬೇಕಾದಷ್ಟು ದಿನಗಳಿದ್ದವು, ನಾನು ಹೇಳಲಿಲ್ಲ.