ಐದೂವರೆಯ ಫ್ರೆಂಚ್ ವಾರ್ತೆ

ಮೊನ್ನೆ ಬಟವಾಡಿಯಲ್ಲಿ ಬಸ್ಸಿಳಿದರೆ ರಸ್ತೆ ಬದಿಯಲ್ಲಿ ಅವರೆಕಾಯಿ ಸುರಿದುಕೊಂಡು ಕೂತಿದ್ದರು. ಆ ಸೊಗಡು ಮೂಗಿಗೆ ಬಡಿದ ಕೂಡಲೇ ಕಾಯಿ ಕೊಳ್ಳುವುದನ್ನೂ ಮರೆತು ನಿಂತುಬಿಟ್ಟೆ. ಮೇಡಂ ಚೆನ್ನಾಗಿದ್ದ ಕೊನೆಯ ದಿನ ನಮ್ಮಿಬ್ಬರ ನಡುವೆ ಒಂದು ಮೊರದ ತುಂಬ ಅವರೆಕಾಯಿ ಇತ್ತು. ಎದುರಿಗೆ ಫ್ರೆಂಚ್ ಟಿವಿ ಓಡುತ್ತಿತ್ತು.

ಮೇಡಂ ನಮ್ಮ ಮನೆಯ ಓನರು. ಗುಬ್ಬಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟು ರಿಟೈರ್ ಆದವರು. ಮದುವೆ ಆಗಿರಲಿಲ್ಲ. ಊರು ಗುಬ್ಬಿ ಹತ್ತಿರದ ಕಡಬ, ಅಲ್ಲಿ ಅವರ ಅಕ್ಕ ಇದ್ದರು. ಮುಂದಿನ ಭಾಗದಲ್ಲಿ ಮೇಡಂ, ಹಿಂದಿನ ಎರಡು ಕೋಣೆಗಳಲ್ಲಿ ನಾನು, ನಮ್ಮ ಯಜಮಾನರು, ಮಗಳು. ನಾನು ಕುಣಿಗಲ್ಲಿನವಳು. ಹತ್ತನೇ ಕ್ಲಾಸಿಗೆ ಓದು ನಿಂತಿತು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಸಂಜೆಯಾದರೆ ಹುಕ್ಕು ಹಾಕುವ ಕೆಲಸ ಎತ್ತಿಕೊಂಡು ಅವರ ಹಾಲಿಗೆ ಹೋಗುವುದು ಅಭ್ಯಾಸವಾಗಿತ್ತು.

ಈ ಫ್ರೆಂಚ್ ಶುರುವಾದದ್ದು ಮಹಡಿ ಮೇಲಿನ ರೂಮಿಗೆ ಬಂದಿದ್ದ ಪಿಯುಸಿ ಹುಡುಗಿಯಿಂದ. ಮಾರ್ಕ್ಸ್ ಚೆನ್ನಾಗಿ ಬೀಳುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಆ ಹುಡುಗಿ ಕನ್ನಡ ಬಿಟ್ಟು ಫ್ರೆಂಚ್ ತೆಗೆದುಕೊಂಡು, ಆಮೇಲೆ ಗೈಡ್ ಹಿಡಿದುಕೊಂಡು ಅಳುತ್ತಿದ್ದಳು. ಅವಳಿಗೆ ಸಹಾಯವಾಗಲಿ ಎಂದು ಮೇಡಂ ಮೊಬೈಲನ್ನು ಟಿವಿಗೆ ಜೋಡಿಸಿಕೊಂಡು ಅಲ್ಲಿನ ವಾರ್ತೆ ನೋಡಲು ಕೂತರು. ಹುಡುಗಿ ಪಾಸಾಗಿ ರೂಮು ಖಾಲಿ ಮಾಡಿದಳು. ಮೇಡಂ ಮಾತ್ರ ಟಿವಿ ಮುಂದಿನಿಂದ ಏಳಲಿಲ್ಲ.

ಫ್ರಾನ್ಸಿನವರ ಮಧ್ಯಾಹ್ನದ ವಾರ್ತೆ ನಮಗೆ ಸಂಜೆ ಐದೂವರೆಗೆ ಬರುತ್ತಿತ್ತು. ಮಾರ್ಚ್ ಕೊನೆಯಲ್ಲಿ ಒಂದು ದಿನ ಟಿವಿ ಹಾಕಿದರೆ ವಾರ್ತೆ ಮುಗಿದೇ ಹೋಗಿತ್ತು. ಬೇಸಿಗೆಗೆ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರಂತೆ. ಹೇಳದೆ ಕೇಳದೆ ಹಾಗೆ ಮಾಡಿದರಲ್ಲ ಎಂದು ಮೇಡಂ ಎರಡು ದಿನ ಮುನಿಸಿಕೊಂಡಿದ್ದರು.

ಕಲಿಯಲು ಅವರದೇ ಒಂದು ಕ್ರಮವಿತ್ತು. ಮೊದಲು ಕಿವಿ, ಆಮೇಲೆ ಬಾಯಿ, ಕೊನೆಗೆ ಅರ್ಥ. ವಾರ್ತೆ ಓದುವವಳು ಒಂದು ಸಾಲು ಹೇಳಿದರೆ ನಿಲ್ಲಿಸಿ, ಅದನ್ನೇ ಜೋರಾಗಿ ಹೇಳಿ, ಲಾಂಗ್ ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದರು. ಅರ್ಥ ಬರೆಯಲು ಪಕ್ಕದಲ್ಲಿ ಜಾಗ ಖಾಲಿ ಬಿಡುತ್ತಿದ್ದರು. ಕೆಲವು ಜಾಗ ಒಂದು ತಿಂಗಳಿಗೆ ತುಂಬುತ್ತಿತ್ತು, ಕೆಲವು ತುಂಬುತ್ತಲೇ ಇರಲಿಲ್ಲ.

ನನಗೆ ಅದೆಲ್ಲ ತಮಾಷೆ. ಟಿವಿಯಲ್ಲಿ ನಾಲ್ಕು ಜನ ಮೇಜಿನ ಸುತ್ತ ಕೂತು ಒಟ್ಟೊಟ್ಟಿಗೆ ಮಾತಾಡುತ್ತಿದ್ದರೆ, "ಮೇಡಂ, ಇವ್ರು ಜಗಳ ಆಡ್ತಾವ್ರೋ ಊಟಕ್ಕೆ ಕರೀತಾವ್ರೋ?" ಎಂದು ಕೇಳುತ್ತಿದ್ದೆ.

"ನಿಮ್ ಕುಣಿಗಲ್ನೋರ ಥರ ಕಣೇ. ಎರಡೂ ಒಂದೇ ಥರ ಕೇಳುತ್ತೆ."

ಫ್ರಾನ್ಸಿನ ಉತ್ತರಕ್ಕೆ ಮಳೆ ಬರುತ್ತದೆ ಎಂಬುದು ಮೊದಲ ಸಲ ಪೂರ್ತಿ ಅರ್ಥವಾದ ದಿನ, ಅದನ್ನು ಸೊಪ್ಪಿನವಳಿಗೂ ನಿಲ್ಲಿಸಿ ಹೇಳಿದ್ದರು. ಪಾಪ, ಅವಳು ತಲೆಯ ಮೇಲಿನ ಸೊಪ್ಪಿನ ಬುಟ್ಟಿಗೆ ಪ್ಲಾಸ್ಟಿಕ್ ಮುಚ್ಚಿಕೊಂಡು ಹೋದಳು.

ಇಷ್ಟೆಲ್ಲ ಯಾಕೆ ಎಂದು ಆ ಕೊನೆಯ ದಿನವೇ ಕೇಳಿದೆ. ಅಲ್ಲಿಗೆ ಹೋಗುವುದಿಲ್ಲ, ಅಲ್ಲಿ ಯಾರೂ ಇಲ್ಲ, ಇನ್ನು ಪರೀಕ್ಷೆಯೂ ಇಲ್ಲ. ಮೇಡಂ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಮೂವತ್ತು ವರ್ಷ ಬೋರ್ಡ್ ಹತ್ರ ನಾನೇ ನಿಂತಿದ್ದೆ ಕಣೇ. ಅರ್ಥ ಆಗ್ದೇ ಬೆಂಚ್ ಮೇಲೆ ಕೂತಿರೋದು ಹೆಂಗಿರುತ್ತೆ ಅಂತ ಗೊತ್ತೇ ಇರ್ಲಿಲ್ಲ. ಎಷ್ಟ್ ಮಕ್ಳನ್ನ ದಡ್ಡರು ಅಂದ್ಬುಟ್ಟಿದೀನಿ..." ಎಂದರು. ನಾನು ಸೂಜಿಗೆ ದಾರ ಪೋಣಿಸಿದೆ.

ಮಾರನೆಯ ಬೆಳಿಗ್ಗೆ ಮೇಡಂ ಬಚ್ಚಲ ಬಾಗಿಲಲ್ಲಿ ಬಿದ್ದಿದ್ದರು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಆಸ್ಪತ್ರೆಯಲ್ಲಿ. ಬಲಗೈ ಸತ್ತಂತಾಗಿತ್ತು. ನಾಲ್ಕು ದಿನ ಮಾತಿಲ್ಲ. ಐದನೆಯ ದಿನ ಮಾತು ಬಂತು, ಆದರೆ ಕನ್ನಡ ಬರಲಿಲ್ಲ.

ಮೇಡಂ ಅವರ ಅಕ್ಕ ವಾರ್ಡಿನ ಹೊರಗೆ ನನ್ನ ಕೈ ಹಿಡಿದುಕೊಂಡು, "ಅದ್ಯಾವ್ದೋ ಭಾಷೆ ಆಡ್ತಾವ್ಳೆ ಕಣವ್ವ. ನನ್ ಮಾತೇ ತಿಳಿಯಾಕಿಲ್ವಲ್ಲ ಅವಳ್ಗೆ" ಎಂದು ಅತ್ತರು. ಯಾರೋ ಕಡಬದಿಂದ ಮಂತ್ರಿಸಿದ ದಾರ ತಂದು ಕಟ್ಟಿದ್ದರು. ಒಳಗೆ ಹೋಗಿ ಕೇಳಿದರೆ... ಅದು ವಾರ್ತೆಯ ಭಾಷೆ. ಡಾಕ್ಟರು ಚಿಕ್ಕ ವಯಸ್ಸಿನವರು. ಅಪರೂಪಕ್ಕೆ ಹೀಗೂ ಆಗುತ್ತದೆ, ಹುಟ್ಟಿನಿಂದ ಆಡಿದ ಭಾಷೆ ಮುಚ್ಚಿಹೋಗಿ ಆಮೇಲೆ ಕಲಿತದ್ದು ಮೊದಲು ಹೊರಗೆ ಬರಬಹುದು ಎಂದರು. ನನಗೆ ಅದು ಅರ್ಥವಾಗಲಿಲ್ಲ. ಇವತ್ತಿಗೂ ಆಗಿಲ್ಲ. ಅಮ್ಮ ಎನ್ನುವ ಮಾತು ಹೋಗಿ, ಯಾರದೋ ಊರಿನ ಮಳೆಯ ಮಾತು ಹೇಗೆ ಉಳಿಯುತ್ತದೆ?

ಎಲ್ಲರೂ ನನ್ನನ್ನು ನೋಡಿದರು. ಎರಡು ವರ್ಷ ಪಕ್ಕದಲ್ಲೇ ಕೂತಿದ್ದೆನಲ್ಲ, ನನಗೆ ತಿಳಿದಿರಬೇಕು ಎಂದುಕೊಂಡರು. ಮೇಡಮ್ಮೂ ಹಾಗೇ ಅಂದುಕೊಂಡಿದ್ದರು. ನನ್ನನ್ನು ಕಂಡ ಕೂಡಲೇ ಅವರ ಮುಖ ಬಿಚ್ಚಿಕೊಂಡಿತು. ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು ಒಂದು ಉದ್ದದ ಮಾತು ಹೇಳಿದರು. ಕೊನೆಯಲ್ಲಿ ದನಿ ಮೇಲಕ್ಕೆ ಹೋಯಿತು. ಏನೋ ಕೇಳುತ್ತಿದ್ದರು. ನನಗೆ ಬರುತ್ತಿದ್ದದ್ದು ಐದಾರು ಪದ. ಅದರಲ್ಲಿ ಒಂದೇ ಒಂದು ಆ ಮಾತಿನಲ್ಲಿ ಸಿಕ್ಕಿತು. ದುಮ್ಯಾಂ. ಅಂದರೆ ನಾಳೆ. ನಾಳೆ ಏನು? ಮೇಡಂ ಮತ್ತೆ ಹೇಳಿದರು, ಇನ್ನೂ ನಿಧಾನವಾಗಿ, ತರಗತಿಯಲ್ಲಿ ಲೆಕ್ಕ ಬಿಡಿಸಿ ಹೇಳುವವರಂತೆ. ನಾನು ಬೆಂಚಿನ ಮೇಲೆ ಕೂತ ಹುಡುಗಿಯಂತೆ ಬಾಯಿ ಬಿಟ್ಟುಕೊಂಡು ನೋಡಿದೆ.

ಕಾಯಿಲೆಯವರಿಗೆ ಇಲ್ಲ ಎನ್ನಬಾರದು ಎನ್ನುವುದು ನಮ್ಮಮ್ಮಿ ಕಲಿಸಿದ್ದು. ಅಕ್ಕನೂ ಹಿಂದಿನಿಂದ, "ಏನ್ ಕೇಳಿದ್ರೂ ಆಯ್ತು ಅನ್ನು ಮಗ, ಜೀವ ನೋಯಿಸ್ಬ್ಯಾಡ" ಎಂದರು.

"ಆಯ್ತು ಮೇಡಂ. ನಾನ್ ಮಾಡ್ತೀನಿ" ಎಂದೆ.

ನನ್ನ ಕನ್ನಡ ಅವರಿಗೆ ತಿಳಿಯಿತೋ, ನಾನು ತಲೆ ಆಡಿಸಿದ್ದು ಕಂಡಿತೋ... ಕೈ ಬಿಟ್ಟರು. ದೊಡ್ಡದೊಂದು ಹೊರೆ ಇಳಿಸಿದವರಂತೆ ಉಸಿರು ಬಿಟ್ಟು ಕಣ್ಣು ಮುಚ್ಚಿದರು. ಅದಾದ ಮೇಲೆ ಯಾರೊಡನೆಯೂ ಮಾತಾಡಲಿಲ್ಲ. ಮಾರನೆಯ ಮಧ್ಯಾಹ್ನ ಹೋದರು. ಮಣ್ಣು ಮಾಡಿದ್ದು ಕಡಬದಲ್ಲಿ, ಅವರ ತೋಟದಲ್ಲಿ.

ಅಲ್ಲಿಂದ ಬಂದ ಮೇಲೆ ಮಗಳು ಕೇಳಿದಳು: "ಅಮ್ಮಿ, ಫೋನ್ ಹಿಡಿದಿದ್ರೆ ಅದೇ ಅರ್ಥ ಹೇಳ್ತಿತ್ತಲ್ಲ?" ಫೋನು ನನ್ನ ಬ್ಯಾಗಿನಲ್ಲೇ ಇತ್ತು. ಆಗ ಹೊಳೆಯಲೇ ಇಲ್ಲ. ಒಪ್ಪಿಕೊಂಡರೆ ಸಾಕು, ಸಮಾಧಾನವಾಗುತ್ತದೆ ಎಂದಷ್ಟೇ ಅಂದುಕೊಂಡಿದ್ದೆ.

ಮೇಡಂ ಕೇಳಿದ್ದು ಇದೇ ಇರಬಹುದು ಎಂದು ಆಮೇಲೆ ನನಗೆ ಹೊಳೆದದ್ದನ್ನೆಲ್ಲ ಮಾಡಿದೆ. ಕರಿಬೇವಿನ ಗಿಡಕ್ಕೆ ನೀರು ಹಾಕಿದೆ. ಅವರು ತಂದಿಟ್ಟಿದ್ದ ಲೈಬ್ರರಿ ಪುಸ್ತಕ ವಾಪಸ್ ಕೊಟ್ಟೆ. ಮಹಡಿ ರೂಮಿನಲ್ಲಿದ್ದ ಹುಡುಗಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಅವಳು ಅತ್ತಳು, ಪರೀಕ್ಷೆ ಮುಗಿದ ಮೇಲೆ ಒಂದು ಪದವೂ ನೆನಪಿಲ್ಲ ಆಂಟಿ ಎಂದಳು. ಸದಾಶಿವನಗರದಲ್ಲಿ ಫ್ರೆಂಚ್ ಹೇಳಿಕೊಡುವವರೊಬ್ಬರ ಮನೆ ಹುಡುಕಿಕೊಂಡು ಹೋಗಿ ಆ ಮಾತು ನೆನಪು ಮಾಡಿಕೊಳ್ಳಲು ನೋಡಿದೆ. ಬಾಯಿಗೆ ಬಂದದ್ದು ದುಮ್ಯಾಂ ಮತ್ತು ಕೊನೆಯಲ್ಲಿ ಏರುವ ರಾಗ, ಅಷ್ಟೇ. ಅವರು ಒಳ್ಳೆಯವರು, ಟೀ ಕೊಟ್ಟರು. ನಾಳೆ ಎಂದು ಸೇರಿಸಿ ಸಾವಿರ ಮಾತು ಕೇಳಬಹುದಮ್ಮ ಎಂದರು.

ಈಗ ನಾನೇ ಮೊಬೈಲಿನಲ್ಲಿ ಆ ವಾರ್ತೆ ಹಾಕಿಕೊಂಡು ಹೊಲಿಯುತ್ತೇನೆ. ಎಂದಾದರೂ ಯಾರಾದರೂ ಅದೇ ಮಾತು ಆಡಿದರೆ ಗುರುತು ಸಿಗಬಹುದು ಎಂದು. ಇಷ್ಟು ದಿನದಲ್ಲಿ ನೂರು ಪದವಾದರೂ ಬಂದಿರಬಹುದು. ಮಳೆ, ಚಳಿ, ರೈಲು ನಿಂತದ್ದು ತಿಳಿಯುತ್ತದೆ. ಆದರೆ ಹೊಸ ಪದ ಬಂದಷ್ಟೂ ಮೇಡಂ ಆಡಿದ ಮಾತು ಮಸುಕಾಗುತ್ತಿದೆ. ಈಗ ನೆನಪಾಗುವುದು ಅವರು ಹೇಳಿದ್ದೋ, ನಾನೇ ಜೋಡಿಸಿಕೊಂಡದ್ದೋ...

ಅವರು ನನ್ನನ್ನು ನಂಬಿ ಹೋದರು. ನಾನು ಯಾವುದಕ್ಕೆ ಆಯ್ತು ಎಂದೆ ಎನ್ನುವುದು ಇನ್ನೂ ತಿಳಿದಿಲ್ಲ.