ಕಂಬ ಬಿದ್ದ ಬಗೆ

ಬಟ್ಟೆ ಆಲ್ಟರೇಷನ್ ಅಂಗಡಿಯ ಟೈಲರಮ್ಮ ಐಕಿಡೊ ಎಂಬ ಜಪಾನಿ ಮಲ್ಲವಿದ್ಯೆ ಕಲಿಯಲು ಶುರುಮಾಡಿ ಆರು ವರ್ಷವಾಗಿತ್ತು. ಅದರಲ್ಲಿ ನಾಲ್ಕು ವರ್ಷ ಒಬ್ಬ ನಿವೃತ್ತ ಹೆಡ್ ಕ್ಲರ್ಕನ ಕಾಟಕ್ಕೇ ಹೋಯಿತು. ಜೋಡಿ ಕಟ್ಟಿಕೊಳ್ಳುವ ಹೊತ್ತಿಗೆ ಉಳಿದವರೆಲ್ಲ ಉಪಾಯವಾಗಿ ಜಾರಿಕೊಂಡು, ಅವನು ಇವಳ ಪಾಲಿಗೇ ಉಳಿಯುತ್ತಿದ್ದ. ಎದುರಿಗೆ ಅವನನ್ನು ಸಾರ್ ಎನ್ನುತ್ತಿದ್ದಳು. ಮನಸ್ಸಿನಲ್ಲಿ ಅವನ ಹೆಸರು ಕಂಬ.

ಆ ವಿದ್ಯೆಯಲ್ಲಿ ಒಬ್ಬರು ಬಂದು ಮಣಿಕಟ್ಟು ಹಿಡಿಯಬೇಕು, ಇನ್ನೊಬ್ಬರು ಆ ಬಲವನ್ನೇ ತಿರುಗಿಸಿ ಕೆಡವಬೇಕು. ಕಂಬ ಮಾತ್ರ ಯಾವ ಪಟ್ಟು ಎಂದು ಗುರುಗಳ ಬಾಯಿಂದ ಮೊದಲೇ ಕೇಳಿಸಿಕೊಂಡು, ಅದಕ್ಕೆ ಅಡ್ಡವಾಗಿ ಹಲ್ಲು ಕಚ್ಚಿ ನಿಲ್ಲುತ್ತಿದ್ದ. ಪ್ರಶ್ನೆಪತ್ರಿಕೆ ಕದ್ದು ಓದಿ ಪಾಸಾಗುವಂಥ ಸಾಹಸ.

“ನೋಡಮ್ಮ, ರಸ್ತೇಲಿ ಕಳ್ಳ ಸುಮ್ನೆ ಬೀಳ್ತಾನಾ?” ಎನ್ನುತ್ತಿದ್ದ.

“ಕಳ್ಳ ಕೈ ಹಿಡ್ಕೊಂಡು ಪಾಠ ಹೇಳ್ತಾನಾ ಸಾರ್?” ಎಂದು ಒಮ್ಮೆ ಕೇಳಿದ್ದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ತನ್ನ ದನಿ ಬಿಟ್ಟು ಬೇರೇನೂ ಆ ಕಿವಿಗೆ ಹೋಗುತ್ತಿರಲಿಲ್ಲ.

ಹೋದ ವರ್ಷ ಕಪ್ಪು ಬೆಲ್ಟಿನ ಪರೀಕ್ಷೆಯಲ್ಲೂ ಅವನೇ ಜೋಡಿ, ಅವಳು ಫೇಲಾದಳು. “ಬಿಳಿ ಪೈಜಾಮ ಹಾಕ್ಕೊಂಡು ಹೊರಳಾಡಿದ್ದು ಸಾಕು ಅತ್ತಿಗೆ” ಎಂದಳು ನಾದಿನಿ. ಗಂಡ ನಕ್ಕ. ಆ ನಗುವಿಗೆ ರೋಸಿಹೋಗಿ, ಇನ್ನೊಮ್ಮೆ ಫೇಲಾದರೆ ಬಿಟ್ಟೇಬಿಡುತ್ತೇನೆ ಎಂದು ಮಾತು ಕೊಟ್ಟಳು.

ಈ ಸಲವೂ ಜೋಡಿಗೆ ಚೀಟಿ ಎತ್ತಿದಾಗ ಕಂಬವೇ ಬಂತು. ಪರೀಕ್ಷೆ ಮಾಡಲು ಹೊರಗಿನಿಂದ ಬಂದಿದ್ದವರು ವಯಸ್ಸಾದ ಹೆಂಗಸು. ಗೋಡೆ ಪಕ್ಕದ ಬೆಂಚಿನ ಮೇಲೆ ಕಂಬದ ಹೆಂಡತಿ, ಪಕ್ಕದಲ್ಲಿ ಮೊಬೈಲಿನಲ್ಲಿ ವಿಡಿಯೊ ತೆಗೆಯುತ್ತಿದ್ದ ಅಳಿಯ. ಟೈಲರಮ್ಮ ಕೈ ಚಾಚಿದಳು. ಮಣಿಕಟ್ಟು ಹಿಡಿದದ್ದೇ ತಡ, ಕಂಬ ತಾನಾಗಿಯೇ ಪಲ್ಟಿ ಹೊಡೆದು ಧಬ್ ಎಂದು ಬಿದ್ದ. ಅವಳಿನ್ನೂ ಹೆಜ್ಜೆಯನ್ನೇ ಎತ್ತಿಟ್ಟಿರಲಿಲ್ಲ. ಅಳಿಯ ಚಪ್ಪಾಳೆ ತಟ್ಟಿದ.

“ಅವರು ಬಿದ್ರು, ಸರಿ. ನೀವೇನ್ ಮಾಡಿದ್ರಿ?” ಎಂದರು ಪರೀಕ್ಷೆ ಮಾಡುತ್ತಿದ್ದ ಹೆಂಗಸು. “ಇನ್ನೊಂದು ಸಲ. ಇದೇ ಕೊನೆ.”

ಅವಳ ಮೈಯೆಲ್ಲ ಉರಿದುಹೋಯಿತು. ನಾಲ್ಕು ವರ್ಷ ಬೀಳದೆ ಶೋಕಿ ಮಾಡಿದವನು ಇವತ್ತು ಮನೆಯವರ ಮುಂದೆ ಬಿದ್ದು ಶೋಕಿ ಮಾಡುತ್ತಿದ್ದಾನೆ. ಕಂಬ ಮತ್ತೆ ಬಂದು ಕೈ ಹಿಡಿದ, ಹಾರಲು ಮೊಣಕಾಲು ಬಗ್ಗಿಸಿದ. ಅವಳು ಒಳಗೆ ನುಗ್ಗಿ, ಅವನ ತೋಳಿನ ಬಟ್ಟೆ ಬಾಚಿ ಹಿಡಿದು, ಬೀಳಲು ಬಿಡದೆ ನೆಟ್ಟಗೆ ನಿಲ್ಲಿಸಿದಳು. ಹೊಲಿಗೆ ಪರ್ರೆಂದಿತು.

“ನಾನು ಬೀಳ್ಸೋವರ್ಗೂ ನಿಂತಿರಿ ಸಾರ್.”

ಅವಮಾನಕ್ಕೆ ಅವನು ಹಳೇ ಚಾಳಿಗೆ ಬಿದ್ದ. ಮೈ ಬಿಗಿಮಾಡಿ ಹಿಂದಕ್ಕೆ ಜಗ್ಗಿದ. ಅವಳಿಗೂ ಅದೇ ಬೇಕಿತ್ತು. ಅವನು ಜಗ್ಗಿದ ಕಡೆಗೇ ಅವಳೂ ಹೋದಳು. ಕಂಬ ಬುಡಸಮೇತ ಉರುಳಿತು. ಹೆಂಗಸು ತಲೆಯಾಡಿಸಿ ಹಾಳೆಯ ಮೇಲೆ ಪಾಸ್ ಎಂದು ಬರೆದರು.

ಸೋಮವಾರ ಅವನು ತೋಳು ಹರಿದ ಅಭ್ಯಾಸದ ಜಾಕೆಟ್ ಹಿಡಿದು ಅಂಗಡಿಗೆ ಬಂದ.

“ನಾನು ಬಿದ್ದಿದ್ದಕ್ಕೆ ನೀನು ಪಾಸಾದೆ ಕಣಮ್ಮ.”

ಅವಳು ತೋಳು ಹೊಲಿದು, ದಾರ ಕತ್ತರಿಸಿ, ಮಡಚಿ ಕೈಗಿತ್ತಳು.

“ಎರಡು ಸಾಲು ಹೊಲಿಗೆ ಹಾಕಿದೀನಿ ಸಾರ್. ಇನ್ಮೇಲೆ ವಾರಕ್ಕೆ ಮೂರು ಸಲ ಬಿದ್ರೂ ತಡ್ಕೊಳುತ್ತೆ.”

“ಒಳ್ಳೆ ಕೆಲಸ” ಎಂದು ಹೊಗಳಿ ಅವನು ಹೊರಟ. ಅವಳು ಗಡಿಯಾರ ನೋಡಿ, ಕ್ಲಾಸಿಗೆ ಹೊತ್ತಾಯಿತೆಂದು ಷಟರ್ ಎಳೆದಳು.